18446744073709551615: ಚದುರಂಗದ 64 ಮನೆಗಳ ಕಾಳಿನ ಲೆಕ್ಕ, ಈ ಸಂಖ್ಯೆಯೊಳಗೆ ಏನೇನಿದೆ?

ಎಣಿಕೆಪ್ರಿಯೆ
ಎಲ್ಲರಿಗೂ ನಮಸ್ಕಾರ. ಅಕ್ಕನ ಮಗಳು ಒಂಬತ್ತನೇ ಕ್ಲಾಸು. ಅವಳಿಗೆ ಚದುರಂಗದ ಮಣೆ ಮತ್ತು ಅಕ್ಕಿ ಕಾಳಿನ ಕಥೆ ಹೇಳಿದೆ. ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಪ್ರತಿ ಮನೆಗೂ ದುಪ್ಪಟ್ಟು. ಒಟ್ಟು ಎಷ್ಟಾಗುತ್ತದೆ ಅಂತ ಅವಳು ಹಟ ಹಿಡಿದಳು. ಸ್ಪ್ರೆಡ್‌ಶೀಟ್‌ನಲ್ಲಿ ಹಾಕಿದರೆ 18446744073709600000 ಬರುತ್ತದೆ. ಬ್ರೌಸರ್‌ನಲ್ಲಿ ಲೆಕ್ಕ ಮಾಡಿಸಿದರೆ 18446744073709552000. ಒಂದು ಪುಸ್ತಕದಲ್ಲಿ 18446744073709551615 ಅಂತ ಇದೆ. ಮೂರರಲ್ಲಿ ಯಾವುದು ಸರಿ? ಅದಕ್ಕಿಂತ ಮುಖ್ಯವಾಗಿ, ಕಂಪ್ಯೂಟರ್ ಇಲ್ಲದೆ ಅವಳಿಗೆ ತೋರಿಸುವುದು ಹೇಗೆ?

ನಿವೃತ್ತ ಗಣಿತ ಮೇಷ್ಟ್ರು
ಪುಸ್ತಕದಲ್ಲಿರುವುದೇ ಸರಿ. ಉಳಿದ ಎರಡನ್ನು ನೋಡಿದ ಕೂಡಲೇ ತಳ್ಳಿಹಾಕಬಹುದು. ಅದನ್ನೇ ಮೊದಲು ಮಗುವಿಗೆ ತೋರಿಸಿ.

2ರ ಘಾತಗಳನ್ನು ಬರೆಯುತ್ತಾ ಹೋಗಲಿ: 2, 4, 8, 16, 32, 64, 128, 256. ಬಿಡಿ ಸ್ಥಾನದಲ್ಲಿ 2, 4, 8, 6 ಇವೇ ನಾಲ್ಕು ಸುತ್ತುತ್ತವೆ. 64 ನಾಲ್ಕರಿಂದ ಭಾಗವಾಗುತ್ತದೆ, ಹಾಗಾಗಿ 2⁶⁴ ಮುಗಿಯುವುದು 6ರಲ್ಲೇ. ಒಟ್ಟು ಕಾಳು ಅದಕ್ಕಿಂತ ಒಂದು ಕಡಿಮೆ, ಅಂದರೆ ಕೊನೆಯ ಅಂಕಿ 5. ಸೊನ್ನೆಯಲ್ಲಿ ಮುಗಿಯುವ ಯಾವ ಉತ್ತರವೂ ಇಲ್ಲಿ ಸರಿಯಾಗಲು ಸಾಧ್ಯವೇ ಇಲ್ಲ.

ಒಂದು ಕಡಿಮೆ ಯಾಕೆ ಅಂದರೆ, ಮೊದಲ ಮನೆಯ ಪಕ್ಕ ಇನ್ನೊಂದು ಕಾಳು ಹೆಚ್ಚಿಗೆ ಇಟ್ಟು ನೋಡಿ. 1 ಮತ್ತು 1 ಸೇರಿ 2. ಅದು ಎರಡನೇ ಮನೆಯ 2ರ ಜೊತೆ ಸೇರಿ 4. ಮೂರನೇ ಮನೆಯ 4ರ ಜೊತೆ 8. ಹೀಗೆ ಉರುಳುತ್ತಾ 64ನೇ ಮನೆ ದಾಟಿದಾಗ ಸರಿಯಾಗಿ 2⁶⁴. ಹೆಚ್ಚಿಗೆ ಇಟ್ಟ ಕಾಳನ್ನು ವಾಪಸ್ ತೆಗೆದರೆ 2⁶⁴ − 1. ಗುಣೋತ್ತರ ಶ್ರೇಢಿಯ ಸೂತ್ರ ಗೊತ್ತಿಲ್ಲದ ಮಕ್ಕಳಿಗೂ ಇದು ಹಿಡಿಸುತ್ತದೆ. ಇದರಿಂದಲೇ ಇನ್ನೊಂದು ಸಂಗತಿಯೂ ಸಿಗುತ್ತದೆ. ಕೊನೆಯ ಮನೆಯೊಂದರಲ್ಲೇ ಇರುವ ಕಾಳು, ಹಿಂದಿನ 63 ಮನೆಗಳ ಒಟ್ಟು ಕಾಳಿಗಿಂತ ಒಂದು ಜಾಸ್ತಿ.

ಇನ್ನು ಕೈಲೆಕ್ಕ. 64 ಸಲ ದುಪ್ಪಟ್ಟು ಮಾಡುವುದು ಬೇಡ. ವರ್ಗ ಮಾಡುತ್ತಾ ಹೋಗಿ: 2, 4, 16, 256, 65536, 4294967296. ಇದು 2³². ಇನ್ನೊಂದೇ ಸಲ ವರ್ಗ ಮಾಡಿದರೆ 2⁶⁴. ಈ ಸಂಖ್ಯೆಯನ್ನು 42949 ಮತ್ತು 67296 ಅಂತ ಎರಡು ತುಂಡು ಮಾಡಿಕೊಳ್ಳಿ.

42949ರ ವರ್ಗ 1844616601.
2 × 42949 × 67296 = 5780591808.
67296ರ ವರ್ಗ 4528751616.

ಮೊದಲನೆಯದಕ್ಕೆ ಹತ್ತು ಸೊನ್ನೆ, ಎರಡನೆಯದಕ್ಕೆ ಐದು ಸೊನ್ನೆ ಹಾಕಿ ಮೂರನ್ನೂ ಕೂಡಿ. 18446744073709551616 ಬರುತ್ತದೆ. ಒಂದು ಪುಟ ಸಾಕು.

ಕೋಡ್ ಬರೆಯುವವ
ಮೇಷ್ಟ್ರೇ, ತುಂಬಾ ಚೆನ್ನಾಗಿ ಹೇಳಿದಿರಿ. ಕಂಪ್ಯೂಟರ್ ಯಾಕೆ ಹಾಗೆ ತೋರಿಸುತ್ತದೆ ಅನ್ನುವುದನ್ನು ನಾನು ಸೇರಿಸುತ್ತೇನೆ.

ಸ್ಪ್ರೆಡ್‌ಶೀಟ್, ಬ್ರೌಸರ್ ಎರಡೂ ಸಂಖ್ಯೆಗಳನ್ನು ಸಾಮಾನ್ಯವಾಗಿ 'ಡಬಲ್' ಅನ್ನುವ ರೂಪದಲ್ಲಿ ಇಟ್ಟುಕೊಳ್ಳುತ್ತವೆ. ಅದರಲ್ಲಿ ಅಂಕಿಗಳಿಗೆ ಸಿಗುವುದು 53 ಬಿಟ್ (ಒಂದು ಬಿಟ್ ಅಂದರೆ 0 ಅಥವಾ 1 ಕೂರುವ ಒಂದು ಜಾಗ) ಮಾತ್ರ. 2⁶⁴ಕ್ಕಿಂತ ಸ್ವಲ್ಪ ಕೆಳಗೆ ಬಂದರೆ, ಈ ರೂಪದಲ್ಲಿ ಬರೆಯಲು ಆಗುವ ಸಂಖ್ಯೆಗಳ ನಡುವೆ 2048ರ ಅಂತರ ಇರುತ್ತದೆ. ಒಂದನ್ನು ಕಳೆದರೆ ಯಂತ್ರಕ್ಕೆ ಅದು ಗೊತ್ತೇ ಆಗುವುದಿಲ್ಲ. ಮತ್ತೆ 2⁶⁴ಕ್ಕೇ ಬಂದು ನಿಲ್ಲುತ್ತದೆ. ತೋರಿಸುವಾಗ ಒಂದು 15 ಅಂಕಿಗೆ ನಿಲ್ಲಿಸುತ್ತದೆ, ಇನ್ನೊಂದು 17 ಅಂಕಿಗೆ. ಉಳಿದ ಜಾಗಕ್ಕೆ ಸೊನ್ನೆ ತುಂಬುತ್ತದೆ. ಪೈಥಾನ್‌ನಲ್ಲಿ ಪೂರ್ಣಾಂಕವಾಗಿಯೇ ಕೇಳಿದರೆ ಇಪ್ಪತ್ತೂ ಅಂಕಿ ಸರಿಯಾಗಿ ಬರುತ್ತವೆ.

ನಮ್ಮ ಕೆಲಸದಲ್ಲಿ ಇದು ದಿನವೂ ಎದುರಾಗುವ ಸಂಖ್ಯೆ. 64 ಬಿಟ್‌ನಲ್ಲಿ, ಋಣ ಚಿಹ್ನೆ ಇಲ್ಲದೆ, ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ ಇದೇ. ಎರಡರ ಪದ್ಧತಿಯಲ್ಲಿ ಬರೆದರೆ ಸಾಲಾಗಿ 64 ಒಂದುಗಳು. ಒಂದು ಬಿಟ್‌ಗೆ ಚದುರಂಗದ ಒಂದು ಮನೆ ಅಂತ ಇಟ್ಟುಕೊಳ್ಳಬಹುದು. ಚೆಸ್ ಆಡುವ ಎಷ್ಟೋ ಪ್ರೋಗ್ರಾಂಗಳು ನಿಜವಾಗಿಯೂ ಹಾಗೇ ಮಾಡುತ್ತವೆ. ಇಡೀ ಮಣೆಯ ಮೇಲೆ ಎಲ್ಲೆಲ್ಲಿ ಕಾಯಿ ಇದೆ ಅನ್ನುವುದನ್ನು ಒಂದೇ 64 ಬಿಟ್ ಸಂಖ್ಯೆಯಲ್ಲಿ ಹಿಡಿದಿಡುತ್ತವೆ.

ಗಡಿಬಿಡಿ ಗಣಿತ
ನನಗೆ ಒಂದು ಅನುಮಾನ. ಇದು ದೊಡ್ಡ ಸಂಖ್ಯೆ ನಿಜ. ಆದರೆ ಇಪ್ಪತ್ತು ಅಂಕಿಯ ಸಂಖ್ಯೆಗಳು ಬೇಕಾದಷ್ಟಿವೆ. ಸುಮಾರು 1.8 × 10¹⁹ ಅಂದರೆ ಸಾಕಲ್ವಾ? ಕೊನೆಯ 615ಕ್ಕೆ ಯಾಕೆ ಇಷ್ಟು ಬೆಲೆ?

ಹಳಗನ್ನಡ ಓದುಗ
ಬೆಲೆ ಇದೆ. ಈ ಇಪ್ಪತ್ತು ಅಂಕಿಗಳನ್ನು ಒಂದೂ ಬಿಡದೆ ಪದ್ಯದಲ್ಲಿ ಕಟ್ಟಿಟ್ಟವರಿದ್ದಾರೆ.

ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಸಂಸ್ಕೃತದ ಕೃತಿ, ಆದರೆ ನಮ್ಮ ನೆಲದ್ದು. ಅದರಲ್ಲಿ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ಏಕ, ದಶ, ಶತ, ಸಹಸ್ರ ಅಂತ ಶುರುವಾಗಿ ಕೋಟಿ, ಅರ್ಬುದ, ಖರ್ವ, ಪದ್ಮ, ಕ್ಷೋಣಿ, ಶಂಖ ಎಲ್ಲ ದಾಟಿ ಮಹಾಕ್ಷೋಭದವರೆಗೆ ಹೋಗುತ್ತದೆ. ಎಣಿಸಿ ನೋಡಿದರೆ ಇಪ್ಪತ್ತನೇ ಸ್ಥಾನದ ಹೆಸರು ಮಹಾಶಂಖ. ನಮ್ಮ ಸಂಖ್ಯೆಯ ಮೊದಲ ಅಂಕಿ 1 ಕೂರುವುದು ಅಲ್ಲೇ. ಅಂದರೆ ಚದುರಂಗದ ಇಡೀ ಲೆಕ್ಕ ಅವನ ಸ್ಥಾನಗಳೊಳಗೆ ಹಿಡಿಸುತ್ತದೆ. ಮೇಲೆ ಇನ್ನೂ ನಾಲ್ಕು ಸ್ಥಾನ ಉಳಿಯುತ್ತವೆ.

ಈ ಗ್ರಂಥವನ್ನು ತೆಲುಗಿಗೆ ತಂದವನು ಪಾವುಲೂರಿ ಮಲ್ಲನ. ಅವನ ಹೆಸರಿನಲ್ಲಿ ಪ್ರಸಿದ್ಧವಾದ ಒಂದು ಪದ್ಯದಲ್ಲಿ ಚದುರಂಗದ ಮನೆಗಳ ಮೊತ್ತ ಭೂತಸಂಖ್ಯೆಯಲ್ಲಿದೆ, ಅಂದರೆ ಒಂದೊಂದು ಅಂಕಿಗೂ ಒಂದೊಂದು ಪದ. ಪದಗಳು ಸಾಲಾಗಿ ಹೀಗೆ ಬರುತ್ತವೆ: ಶರ, ಶಶಿ, ಷಟ್ಕ, ಚಂದ್ರ, ಶರ, ಸಾಯಕ, ರಂಧ್ರ, ವಿಯತ್, ನಗ, ಅಗ್ನಿ, ಭೂಧರ, ಗಗನ, ಅಬ್ಧಿ, ವೇದ, ಗಿರಿ, ತರ್ಕ, ಪಯೋನಿಧಿ, ಪದ್ಮಜಾಸ್ಯ, ಕುಂಜರ, ತುಹಿನಾಂಶು.

ಮನ್ಮಥನ ಬಾಣ 5, ಚಂದ್ರ 1, ದೇಹದ ರಂಧ್ರ 9, ಆಕಾಶ 0, ಬೆಟ್ಟ 7, ಅಗ್ನಿ 3, ಸಮುದ್ರ 4, ವೇದ 4, ತರ್ಕ 6, ಬ್ರಹ್ಮನ ಮುಖ 4, ದಿಕ್ಕಿನ ಆನೆ 8. ಸಾಲಾಗಿ ಇಟ್ಟರೆ 5 1 6 1 5 5 9 0 7 3 7 0 4 4 7 6 4 4 8 1. ಅಂಕಿಗಳನ್ನು ಬಲದಿಂದ ಎಡಕ್ಕೆ ಓದುವುದು ರೂಢಿ. ತಿರುಗಿಸಿ ಓದಿ: 18446744073709551615. ಒಂದೂ ತಪ್ಪಿಲ್ಲ.

ಎಣಿಕೆಪ್ರಿಯೆ
ಸರ್, ಓದಿ ಮೈ ಜುಂ ಅಂತು. ಮಗಳ ಹತ್ತಿರ ಒಂದೊಂದೇ ಪದ ಹೇಳಿ ಅಂಕಿ ಬರೆಸಿದೆ. ಚಂದ್ರನಿಗೆ 1, ಬೆಟ್ಟಕ್ಕೆ 7 ಅಂತ ಅವಳೇ ಪಟ್ಟಿ ಮಾಡಿಕೊಂಡಿದ್ದಾಳೆ. ಇಪ್ಪತ್ತು ಅಂಕಿಯನ್ನು ನಮ್ಮ ರೀತಿಯಲ್ಲಿ ಓದುವುದು ಹೇಗೆ ಅಂತಲೂ ಕೇಳುತ್ತಿದ್ದಾಳೆ.

ನಿವೃತ್ತ ಗಣಿತ ಮೇಷ್ಟ್ರು
ಬಲದಿಂದ ಏಳೇಳು ಅಂಕಿಗೆ ಕತ್ತರಿಸಿ. 1,84,467 ಕೋಟಿ ಕೋಟಿ, 44,07,370 ಕೋಟಿ, 95,51,615.

ಊರೂರು ಸುತ್ತುವವ
ಕಥೆಯ ಕಡೆಯಿಂದ ಸ್ವಲ್ಪ. ಕೇರಳದ ಅಂಬಲಪ್ಪುಳ ಕೃಷ್ಣ ದೇವಸ್ಥಾನದ ಪಾಲ್ಪಾಯಸಕ್ಕೂ ಇದೇ ಲೆಕ್ಕವನ್ನು ಜೋಡಿಸಿ ಹೇಳುತ್ತಾರೆ. ಕೃಷ್ಣ ವೇಷ ಮರೆಸಿಕೊಂಡು ರಾಜನ ಜೊತೆ ಚದುರಂಗ ಆಡಿದ, ಗೆದ್ದು ಅಕ್ಕಿ ಕೇಳಿದ, ಆ ಸಾಲ ತೀರಿಸಲು ದಿನವೂ ಪಾಯಸ ಅಂತ ಐತಿಹ್ಯ. ಒಂದು ಕಾಳು 25 ಮಿಲಿಗ್ರಾಂ ಅಂತ ಹಿಡಿದರೆ ಒಟ್ಟು ಸುಮಾರು 46,000 ಕೋಟಿ ಟನ್ ಅಕ್ಕಿ. ಈಗ ಇಡೀ ಜಗತ್ತು ವರ್ಷಕ್ಕೆ ಬೆಳೆಯುವುದು 50 ಕೋಟಿ ಟನ್ ಆಸುಪಾಸು. ಒಂಬೈನೂರು ವರ್ಷದ ಬೆಳೆ ಬೇಕು.

ಸಾವಿರ ವರ್ಷದ ಹಿಂದೆ ಅಲ್ ಬಿರೂನಿ ಎಂಬ ವಿದ್ವಾಂಸ ಕೂಡ ಇದನ್ನು ಲೆಕ್ಕ ಹಾಕಿದ್ದಾನೆ. ಮೇಷ್ಟ್ರು ಹೇಳಿದ ವರ್ಗ ಮಾಡುವ ಉಪಾಯವನ್ನೇ ಬಳಸಿದ್ದಾನೆ. ಆಮೇಲೆ ಈ ಗಾತ್ರ ಜನರ ಕಣ್ಣಿಗೆ ಕಟ್ಟಲಿ ಅಂತ ಹೀಗೆ ಹಂಚುತ್ತಾನೆ: 2305 ಬೆಟ್ಟಗಳು, ಪ್ರತಿ ಬೆಟ್ಟದಿಂದ 10,000 ಹೊಳೆಗಳು, ಪ್ರತಿ ಹೊಳೆಯ ಉದ್ದಕ್ಕೂ 1000 ಹಿಂಡು ಹೇಸರಗತ್ತೆಗಳು, ಹಿಂಡಿಗೆ 10,000 ಹೇಸರಗತ್ತೆ, ಪ್ರತಿಯೊಂದರ ಮೇಲೆ 8 ಚೀಲ, ಚೀಲಕ್ಕೆ 10,000. ಗುಣಿಸಿ ನೋಡಿ, ಹೆಚ್ಚುಕಡಿಮೆ ಸರಿಹೋಗುತ್ತದೆ.

ಕೋಡ್ ಬರೆಯುವವ
ಆ 2305 ನೋಡಿ ಖುಷಿಯಾಯಿತು. 2⁶⁴ನ್ನು 8ರಿಂದ ಭಾಗಿಸಿದರೆ 2⁶¹, ಅಂದರೆ 2305843009213693952. ಅವನ ಲೆಕ್ಕದಲ್ಲಿ 8 ಬಿಟ್ಟರೆ ಉಳಿದದ್ದೆಲ್ಲ ಹತ್ತರ ಘಾತಗಳೇ. ಅದಕ್ಕೇ 2⁶¹ರ ಮೊದಲ ನಾಲ್ಕು ಅಂಕಿ ಹಾಗೇ ಮೇಲೆ ಬಂದಿವೆ. ಇದರಲ್ಲಿ ಒಂದು ಕಳೆದರೆ ಸಿಗುವ 2⁶¹ − 1 ಅವಿಭಾಜ್ಯ ಸಂಖ್ಯೆ. 1883ರಲ್ಲಿ ಪೆರ್ವುಶಿನ್ ಎಂಬ ರಷ್ಯಾದ ಹಳ್ಳಿಯ ಪಾದ್ರಿ ಅದನ್ನು ತೋರಿಸಿದ.

ಅದೇ 1883ರಲ್ಲಿ ಫ್ರಾನ್ಸಿನ ಎಡ್ವರ್ಡ್ ಲ್ಯೂಕಾ 'ಹನೋಯ್ ಗೋಪುರ'ದ ಆಟ ಹೊರತಂದ. ಅದರ ಜೊತೆ ಹರಡಿದ ಕಥೆ ನಡೆಯುವುದು ಕಾಶಿಯಲ್ಲಿ. 64 ಚಿನ್ನದ ಬಿಲ್ಲೆಗಳನ್ನು ಒಂದು ಕಂಬದಿಂದ ಇನ್ನೊಂದಕ್ಕೆ ಸಾಗಿಸಬೇಕು. ಒಂದು ಸಲಕ್ಕೆ ಒಂದೇ ಬಿಲ್ಲೆ, ಚಿಕ್ಕದರ ಮೇಲೆ ದೊಡ್ಡದು ಕೂರುವಂತಿಲ್ಲ. ಕಡಿಮೆ ಅಂದರೂ ಬೇಕಾಗುವ ನಡೆಗಳು ಇದೇ 18446744073709551615. ಸೆಕೆಂಡಿಗೆ ಒಂದು ನಡೆಯಂತೆ 58,000 ಕೋಟಿ ವರ್ಷಕ್ಕೂ ಜಾಸ್ತಿ.

ಅರಸೀಕೆರೆ ಹುಡುಗ
ಅಣ್ಣ, ನಾನು ಪಿಯು ಓದುತ್ತಿದ್ದೇನೆ. 2⁶¹ − 1 ಅವಿಭಾಜ್ಯ ಅಂದಿರಿ. ಹಾಗಾದರೆ 2⁶⁴ − 1ರ ಅಪವರ್ತನಗಳೇನು? 5ರಲ್ಲಿ ಮುಗಿಯುವುದರಿಂದ 5 ಒಂದು. ಅಂಕಿಗಳನ್ನೆಲ್ಲ ಕೂಡಿದರೆ 87, ಹಾಗಾಗಿ 3 ಇನ್ನೊಂದು. 9 ಆಗುವುದಿಲ್ಲ. ಇದಾದ ಮೇಲೆ ಮುಂದೆ ಹೋಗುವುದು ಗೊತ್ತಾಗುತ್ತಿಲ್ಲ. 20 ಅಂಕಿಯನ್ನು ಸುಮ್ನೆ 7, 11, 13 ಅಂತ ಭಾಗಿಸುತ್ತಾ ಕೂರಬೇಕಾ?

ನಿವೃತ್ತ ಗಣಿತ ಮೇಷ್ಟ್ರು
ಬೇಡಪ್ಪ. ಈ ಸಂಖ್ಯೆಯ ಸೊಗಸೇ ಅದು. ಭಾಗಿಸದೆಯೇ ಬಿಚ್ಚಿಕೊಳ್ಳುತ್ತದೆ. ಎಂಟನೇ ಕ್ಲಾಸಿನ ಸೂತ್ರ ನೆನಪಿಸಿಕೋ: ಎರಡು ವರ್ಗಗಳ ವ್ಯತ್ಯಾಸ ಅಂದರೆ ಮೊತ್ತ ಮತ್ತು ವ್ಯತ್ಯಾಸದ ಗುಣಲಬ್ಧ.

2⁶⁴ − 1 = (2³² + 1)(2³² − 1). ಬಲಗಡೆಯದು ಮತ್ತೆ ಅದೇ ರೂಪ. (2¹⁶ + 1)(2¹⁶ − 1). ಮತ್ತೆ ಅದೇ. ಕೊನೆಗೆ 2 − 1 ಅಂದರೆ 1 ಉಳಿಯುತ್ತದೆ. ಒಟ್ಟು ಆರು ಗುಣಕಗಳು:

3 × 5 × 17 × 257 × 65537 × 4294967297

64 ಎನ್ನುವುದು ಸ್ವತಃ 2ರ ಘಾತ ಆಗಿರುವುದರಿಂದ ಕೊನೆಯ ತನಕ ಅರ್ಧ ಮಾಡುತ್ತಾ ಹೋಗಬಹುದು. ಚದುರಂಗಕ್ಕೆ 81 ಮನೆ ಇದ್ದಿದ್ದರೆ ಈ ಚಂದ ಸಿಗುತ್ತಿರಲಿಲ್ಲ.

ಸಂಖ್ಯಾಶಾಸ್ತ್ರದ ವಿದ್ಯಾರ್ಥಿನಿ
ಇನ್ನು ನಾನು ಮುಂದುವರಿಸಲಾ? ಈ ಭಾಗ ನನಗೆ ತುಂಬಾ ಇಷ್ಟ.

ಮೇಷ್ಟ್ರು ಬರೆದ ಆರಕ್ಕೂ ಫರ್ಮಾ ಸಂಖ್ಯೆಗಳು ಅಂತ ಹೆಸರು. ಮೊದಲ ಐದು, ಅಂದರೆ 3, 5, 17, 257, 65537, ಅವಿಭಾಜ್ಯಗಳು. ಹದಿನೇಳನೇ ಶತಮಾನದಲ್ಲಿ ಗಣಿತಜ್ಞ ಫರ್ಮಾ ಈ ಸಾಲಿನಲ್ಲಿ ಬರುವುದೆಲ್ಲ ಅವಿಭಾಜ್ಯವೇ ಅಂತ ನಂಬಿದ್ದ. 1729ರ ಡಿಸೆಂಬರ್‌ನಲ್ಲಿ ಗೋಲ್ಡ್‌ಬಾಖ್ ಪತ್ರ ಬರೆದು ಇನ್ನೊಬ್ಬ ಗಣಿತಜ್ಞ ಆಯ್ಲರ್‌ಗೆ ಈ ಮಾತನ್ನು ತಿಳಿಸಿದ. 1732ರಲ್ಲಿ ಆಯ್ಲರ್ ಉತ್ತರ ಕಂಡುಕೊಂಡ. ಆರನೆಯದು ಒಡೆಯುತ್ತದೆ:

4294967297 = 641 × 6700417

ಈ 641 ಯಾಕೆ ಅನ್ನುವುದಕ್ಕೆ ಒಂದು ಪುಟ್ಟ ಸಾಧನೆ ಇದೆ. ಆಯ್ಲರ್ ನಂತರದ ಕಾಲದ್ದು, ಭಾಗಾಕಾರವೇ ಬೇಡ. 641ನ್ನು ಎರಡು ರೀತಿ ಬರೆಯಬಹುದು. ಒಂದು, 640 + 1, ಅಂದರೆ 5 × 2⁷ + 1. ಇನ್ನೊಂದು, 625 + 16, ಅಂದರೆ 5⁴ + 2⁴.

641ರಿಂದ ಭಾಗಿಸಿದಾಗ ಬರುವ ಶೇಷವನ್ನಷ್ಟೇ ನೋಡೋಣ. ಮೊದಲ ರೂಪದಿಂದ, 5 × 2⁷ಕ್ಕೂ −1ಕ್ಕೂ ಶೇಷ ಒಂದೇ. ಎರಡನ್ನೂ ನಾಲ್ಕನೇ ಘಾತಕ್ಕೆ ಏರಿಸಿ. 5⁴ × 2²⁸ಕ್ಕೂ 1ಕ್ಕೂ ಶೇಷ ಒಂದೇ. ಎರಡನೇ ರೂಪದಿಂದ, 5⁴ಕ್ಕೂ −2⁴ಕ್ಕೂ ಶೇಷ ಒಂದೇ. ಹಾಗಾಗಿ 5⁴ ಇದ್ದ ಜಾಗದಲ್ಲಿ −2⁴ ಇಡಿ. −2³²ಕ್ಕೂ 1ಕ್ಕೂ ಶೇಷ ಒಂದೇ ಆಯಿತು. ಅಂದರೆ 2³² + 1 ಪೂರ್ತಿ ಭಾಗವಾಗುತ್ತದೆ. ಮುಗಿಯಿತು! ನಾಲ್ಕು ಸಾಲು, ಹತ್ತು ಅಂಕಿಯ ಸಂಖ್ಯೆ ಒಡೆದುಹೋಯಿತು. ಮೊದಲ ಸಲ ಇದನ್ನು ಓದಿದಾಗ ಪೆನ್ನು ಕೆಳಗಿಟ್ಟು ಸುಮ್ಮನೆ ಕೂತಿದ್ದೆ.

ಹಾಗಾಗಿ ನಮ್ಮ ಸಂಖ್ಯೆಯ ಪೂರ್ತಿ ಅಪವರ್ತನ:

3 × 5 × 17 × 257 × 641 × 65537 × 6700417

ಏಳು ಬೇರೆ ಬೇರೆ ಅವಿಭಾಜ್ಯಗಳು, ಯಾವುದೂ ಎರಡು ಸಲ ಬಂದಿಲ್ಲ. ಪ್ರತಿಯೊಂದನ್ನೂ ತೆಗೆದುಕೊಳ್ಳಬಹುದು ಅಥವಾ ಬಿಡಬಹುದು. ಹಾಗಾಗಿ ಒಟ್ಟು ಭಾಜಕಗಳು 2⁷, ಅಂದರೆ 128.

ಗಡಿಬಿಡಿ ಗಣಿತ
ಯಾವುದೂ ಎರಡು ಸಲ ಬರಲಿಲ್ಲ ಅನ್ನುವುದು ಆಕಸ್ಮಿಕವಾ, ಇಲ್ಲ ಅದಕ್ಕೂ ಕಾರಣ ಇದೆಯಾ?

ಸಂಖ್ಯಾಶಾಸ್ತ್ರದ ವಿದ್ಯಾರ್ಥಿನಿ
ಮುಖ್ಯ ಭಾಗಕ್ಕೆ ಕಾರಣ ಇದೆ. ಆರೂ ಫರ್ಮಾ ಸಂಖ್ಯೆಗಳ ಗುಣಲಬ್ಧ 2⁶⁴ − 1 ಆಯಿತು ಅಲ್ವಾ? ಮುಂದಿನ ಫರ್ಮಾ ಸಂಖ್ಯೆ 2⁶⁴ + 1. ಅಂದರೆ ಹಿಂದಿನ ಎಲ್ಲವನ್ನೂ ಗುಣಿಸಿ 2 ಕೂಡಿದರೆ ಮುಂದಿನದು ಸಿಗುತ್ತದೆ. ಹಿಂದಿನ ಯಾವುದಾದರೂ ಒಂದಕ್ಕೂ ಮುಂದಿನದಕ್ಕೂ ಸಾಮಾನ್ಯವಾದ ಅವಿಭಾಜ್ಯ ಅಪವರ್ತನ ಇದ್ದರೆ ಅದು 2ನ್ನೂ ಭಾಗಿಸಬೇಕು. ಆದರೆ ಇವೆಲ್ಲ ಬೆಸ ಸಂಖ್ಯೆಗಳು. ಹಾಗಾಗಿ ಯಾವ ಎರಡು ಫರ್ಮಾ ಸಂಖ್ಯೆಗಳಿಗೂ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇರುವುದಿಲ್ಲ. ಗೋಲ್ಡ್‌ಬಾಖ್ 1730ರಲ್ಲಿ ಆಯ್ಲರ್‌ಗೆ ಇದನ್ನು ಬರೆದ.

ಇದರ ಫಲ ದೊಡ್ಡದು. ಫರ್ಮಾ ಸಂಖ್ಯೆಗಳಿಗೆ ಕೊನೆಯಿಲ್ಲ. ಪ್ರತಿಯೊಂದೂ ಹೊಸ ಅವಿಭಾಜ್ಯವನ್ನು ತರಲೇಬೇಕು. ಹಾಗಾಗಿ ಅವಿಭಾಜ್ಯಗಳಿಗೂ ಕೊನೆಯಿಲ್ಲ. ಈಗ ಹೇಳಿ, ಕೊನೆಯ 615 ಬಿಟ್ಟು 1.8 × 10¹⁹ ಅಂದಿದ್ದರೆ ಇದೆಲ್ಲ ಎಲ್ಲಿ ಸಿಗುತ್ತಿತ್ತು?

ಅಂದಹಾಗೆ ನಮ್ಮ ಸಂಖ್ಯೆಗಿಂತ ಎರಡೇ ಹೆಚ್ಚಾದ 18446744073709551617 ಕೂಡ ಅವಿಭಾಜ್ಯ ಅಲ್ಲ. ಅದು 274177 × 67280421310721. 65537 ಆದ ಮೇಲೆ ಇನ್ನೊಂದು ಫರ್ಮಾ ಅವಿಭಾಜ್ಯ ಇವತ್ತಿನವರೆಗೂ ಸಿಕ್ಕಿಲ್ಲ.

ನಿವೃತ್ತ ಗಣಿತ ಮೇಷ್ಟ್ರು
ಜ್ಯಾಮಿತಿಯ ಕಡೆಯೂ ಒಂದು ಮಾತು. ಗೌಸ್ 1796ರಲ್ಲಿ, ಇನ್ನೂ ಹತ್ತೊಂಬತ್ತು ತುಂಬುವ ಮೊದಲೇ, 17 ಭುಜದ ಸಮಬಹುಭುಜವನ್ನು ಬರೀ ಅಳತೆಯಿಲ್ಲದ ಪಟ್ಟಿ ಮತ್ತು ಕೈವಾರದಿಂದ ಎಳೆಯಬಹುದು ಅಂತ ತೋರಿಸಿದ. ಬೆಸ ಸಂಖ್ಯೆಯ ಭುಜಗಳಿದ್ದರೆ ಅದು ಬೇರೆ ಬೇರೆ ಫರ್ಮಾ ಅವಿಭಾಜ್ಯಗಳ ಗುಣಲಬ್ಧ ಆಗಿರಲೇಬೇಕು. ಹಾಗಾಗಿ ಈಗ ಗೊತ್ತಿರುವ ಅತಿ ದೊಡ್ಡ ಅಂಥ ಬೆಸ ಸಂಖ್ಯೆ 3 × 5 × 17 × 257 × 65537 = 4294967295. ಅದು ಚದುರಂಗದ ಮಣೆಯ ಮೊದಲ ಅರ್ಧದ, ಅಂದರೆ 32 ಮನೆಗಳ, ಒಟ್ಟು ಕಾಳು. ಪೂರ್ತಿ ಮಣೆಗೆ ಬಂದರೆ 641 ಅಡ್ಡ ನಿಲ್ಲುತ್ತದೆ, ಎಳೆಯಲು ಆಗುವುದಿಲ್ಲ.

ಅರಸೀಕೆರೆ ಹುಡುಗ
ಎಲ್ಲ ಅರ್ಥ ಆಯಿತು ಅಕ್ಕ, ಒಂದು ಬಿಟ್ಟು. 6700417 ಅವಿಭಾಜ್ಯ ಅಂತ ಹೇಗೆ ಗೊತ್ತು? ಅದರ ವರ್ಗಮೂಲ 2588ರ ಹತ್ತಿರ. ಅಲ್ಲಿವರೆಗಿನ ಅವಿಭಾಜ್ಯಗಳು ನೂರಾರು ಇವೆ. ಎಲ್ಲದರಿಂದಲೂ ಭಾಗಿಸಬೇಕಾ?

ಸಂಖ್ಯಾಶಾಸ್ತ್ರದ ವಿದ್ಯಾರ್ಥಿನಿ
ಒಳ್ಳೆಯ ಪ್ರಶ್ನೆ ತಮ್ಮಾ. ಬೇಕಿಲ್ಲ. 2³² + 1ರ ಅವಿಭಾಜ್ಯ ಅಪವರ್ತನ ಯಾವುದೇ ಇರಲಿ, ಅದನ್ನು 64ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು ಅಂತ ಆಯ್ಲರ್ ಸಾಧಿಸಿದ. ಆಮೇಲೆ ಲ್ಯೂಕಾ, ಹನೋಯ್ ಗೋಪುರದ ಅದೇ ಲ್ಯೂಕಾ, ಅದನ್ನು 128ಕ್ಕೆ ಬಿಗಿ ಮಾಡಿದ. 641ನ್ನೇ ನೋಡು, 128 × 5 + 1. 6700417 ಅಂದರೆ 128 × 52347 + 1.

6700417ರ ಅಪವರ್ತನ 2³² + 1ರ ಅಪವರ್ತನವೂ ಹೌದು. ಹಾಗಾಗಿ 129, 257, 385, 513 ಅಂತ 128ರಂತೆ ಏರುತ್ತಾ 2588ರವರೆಗೆ ಪಟ್ಟಿ ಮಾಡು. ಅದರಲ್ಲಿ ಅವಿಭಾಜ್ಯಗಳನ್ನಷ್ಟೇ ಉಳಿಸಿಕೋ. ನೀನೇ ಮಾಡಿ ಇಲ್ಲಿ ಹಾಕು.

ಅರಸೀಕೆರೆ ಹುಡುಗ
ಪಟ್ಟಿಯಲ್ಲಿ ಇಪ್ಪತ್ತು ಸಂಖ್ಯೆ ಬಂದವು. ಅವಿಭಾಜ್ಯ ಇರುವುದು ಐದೇ: 257, 641, 769, 1153, 1409. ಐದರಿಂದಲೂ 6700417ನ್ನು ಕೈಯಲ್ಲೇ ಭಾಗಿಸಿದೆ.

257ಕ್ಕೆ ಶೇಷ 170.
641ಕ್ಕೆ ಶೇಷ 44.
769ಕ್ಕೆ ಶೇಷ 120.
1153ಕ್ಕೆ ಶೇಷ 334.
1409ಕ್ಕೆ ಶೇಷ 622.

ಯಾವುದೂ ಸೊನ್ನೆ ಇಲ್ಲ. ಹಾಗಾದರೆ 6700417 ಅವಿಭಾಜ್ಯ, ಅಲ್ವಾ?

ಸಂಖ್ಯಾಶಾಸ್ತ್ರದ ವಿದ್ಯಾರ್ಥಿನಿ
ಹೌದು. ಐದೂ ಶೇಷ ಸರಿ ಇವೆ, ನಾನೂ ಮಾಡಿ ನೋಡಿದೆ. ಇನ್ನು 128ರ ನಿಯಮ ಯಾಕೆ ನಿಜ ಅನ್ನುವುದು ಉಳಿದಿದೆ. ಅದಕ್ಕೆ ಫರ್ಮಾನ ಕಿರು ಪ್ರಮೇಯ ಬೇಕು. 64ರ ನಿಯಮದಿಂದ ಶುರು ಮಾಡೋಣ, ನಾಳೆ ಬೇರೆ ಎಳೆಯಲ್ಲಿ ಬರೆಯುತ್ತೇನೆ.